ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ? ನೋಡುವುದು, ತಿದ್ದಿಸುವುದು ಹೇಗೆ

"ನನಗಿಂತ ಆಮೇಲೆ ಬಂದವರಿಗೆ ಬಡ್ತಿ ಸಿಕ್ತು, ನನಗೆ ಸಿಗಲಿಲ್ಲ. ಈಗ ಏನು ಮಾಡ್ಲಿ?" ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಸರ್ಕಾರಿ ನೌಕರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಪಟ್ಟಿ ಅಂತಿಮವಾಗಿ ವರ್ಷಗಳೇ ಕಳೆದಿರುತ್ತವೆ. ತಪ್ಪು ತಿದ್ದಿಸಲು ಸುಲಭವಾದ ಸಮಯ ಒಂದೇ ಒಂದು ಇರುತ್ತದೆ, ಅದು ತಾತ್ಕಾಲಿಕ ಪಟ್ಟಿ ಹೊರಬಂದ ಕೆಲವು ದಿನ. ಆ ದಿನಗಳಲ್ಲಿ ನೀವು ಏನು ನೋಡಬೇಕು, ಏನು ಬರೆಯಬೇಕು, ಯಾರಿಗೆ ಕೊಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಇದು ರಾಜ್ಯ ಸರ್ಕಾರದ ನೌಕರರಿಗಾಗಿ ಬರೆದದ್ದು. ನಮ್ಮಲ್ಲಿ ಜ್ಯೇಷ್ಠತೆಯನ್ನು, ಅಂದರೆ ಒಂದೇ ದರ್ಜೆಯವರಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬುದನ್ನು, ನಿರ್ಧರಿಸುವುದು 1957ರ ಕರ್ನಾಟಕ ಸರ್ಕಾರಿ ನೌಕರರ (ಜ್ಯೇಷ್ಠತಾ) ನಿಯಮಗಳು. ಮೆಸ್ಕಾಂ, ಕೆಎಸ್‌ಆರ್‌ಟಿಸಿ, ಸಹಕಾರಿ ಬ್ಯಾಂಕುಗಳಲ್ಲಿ ಇರುವವರಿಗೆ ಅವರವರ ಸಂಸ್ಥೆಯ ನಿಯಮ ಬೇರೆ ಇರುತ್ತದೆ. ಅವರು ಕೆಲಸದ ಕ್ರಮಕ್ಕೆ ಇದನ್ನು ಓದಬಹುದು, ನಿಯಮಕ್ಕೆ ತಮ್ಮದನ್ನೇ ನೋಡಬೇಕು.

ಮೊದಲು ಇದನ್ನು ತಿಳಿದುಕೊಳ್ಳಿ

ವಯಸ್ಸು ಜಾಸ್ತಿ ಇದ್ದರೆ ಸೀನಿಯರ್ ಅಲ್ಲ. ಸಂಬಳ ಜಾಸ್ತಿ ಇದ್ದರೂ ಅಲ್ಲ. ಒಟ್ಟು ಸೇವೆ ಉದ್ದವಾಗಿದ್ದರೂ ಅಲ್ಲ! ಲೆಕ್ಕಕ್ಕೆ ಬರುವುದು ಒಂದು ನಿರ್ದಿಷ್ಟ ವೃಂದದಲ್ಲಿ ನಿಮ್ಮ ಸ್ಥಾನ. ವೃಂದ ಎಂದರೆ ಒಂದೇ ಬಗೆಯ ಹುದ್ದೆಗಳ ಗುಂಪು: ದ್ವಿತೀಯ ದರ್ಜೆ ಸಹಾಯಕರದ್ದು ಒಂದು, ಪ್ರಥಮ ದರ್ಜೆ ಸಹಾಯಕರದ್ದು ಇನ್ನೊಂದು. ಇಪ್ಪತ್ತು ವರ್ಷ ದ್ವಿತೀಯ ದರ್ಜೆಯಲ್ಲಿ ದುಡಿದು ಕಳೆದ ವರ್ಷ ಬಡ್ತಿ ಪಡೆದವರು, ಮೂರು ವರ್ಷದ ಹಿಂದೆ ನೇರವಾಗಿ ಪ್ರಥಮ ದರ್ಜೆಗೆ ಸೇರಿದ ಹುಡುಗಿಗಿಂತ ಆ ವೃಂದದಲ್ಲಿ ಕಿರಿಯರು. ಕೇಳಲು ಕಷ್ಟ ಆಗುತ್ತದೆ, ಅಲ್ವಾ? ಆದರೆ ನಿಯಮ ಹಾಗಿದೆ. ಈ ಒಂದು ವಿಷಯ ಗೊತ್ತಿಲ್ಲದೆ ಕೊಟ್ಟ ಆಕ್ಷೇಪಣೆಗಳು ಎಷ್ಟೋ ತಿರಸ್ಕಾರವಾಗಿ ವಾಪಸ್ ಬರುತ್ತವೆ.

ಹಂತ 1: ನಿಮ್ಮ ಕಾಗದಗಳನ್ನು ಒಟ್ಟು ಮಾಡಿ

ಪಟ್ಟಿ ಬರುವ ತನಕ ಕಾಯಬೇಡಿ. ಈಗಲೇ ಒಂದು ಫೈಲ್ ಮಾಡಿ. ಅದರಲ್ಲಿ ಇರಬೇಕಾದದ್ದು: ಆಯ್ಕೆ ಪಟ್ಟಿಯ ಪ್ರತಿ (ನಿಮ್ಮ ಕ್ರಮಾಂಕ ಕಾಣುವ ಪುಟ ಸಾಕು), ನೇಮಕಾತಿ ಆದೇಶ, ಕರ್ತವ್ಯಕ್ಕೆ ಹಾಜರಾದ ವರದಿ, ಪ್ರೊಬೇಷನ್ ಮುಗಿದ ಘೋಷಣೆಯ ಆದೇಶ, ಇಲಾಖಾ ಪರೀಕ್ಷೆ ಪಾಸಾದ ಅಧಿಸೂಚನೆ, ಎಲ್ಲ ವರ್ಗಾವಣೆ ಆದೇಶಗಳು, ಬಡ್ತಿ ಆಗಿದ್ದರೆ ಅದರ ಆದೇಶ.

ಪ್ರೊಬೇಷನ್ ಎಂದರೆ ಖಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ, ಸಾಮಾನ್ಯವಾಗಿ 2 ವರ್ಷ. 2 ವರ್ಷ ಕಳೆದ ಕೂಡಲೇ ಅದು ತಾನಾಗಿ ಮುಗಿಯಿತು ಎಂದು ಸುಮ್ನೆ ಕೂತವರು ಬಹಳ ಜನ. ಹಾಗಲ್ಲ, ತೃಪ್ತಿಕರವಾಗಿ ಮುಗಿಸಿದ್ದಾರೆ ಎಂದು ಪ್ರತ್ಯೇಕ ಆದೇಶ ಆಗಬೇಕು. ನಿಮ್ಮದು ಆಗಿಲ್ಲದಿದ್ದರೆ ಇವತ್ತೇ ಕೇಳಿ ಬರೆಯಿರಿ.

ಆಮೇಲೆ ಕಚೇರಿಯಲ್ಲಿರುವ ನಿಮ್ಮ ಸೇವಾ ಪುಸ್ತಕ, ನಾವೆಲ್ಲ ಎಸ್‌ಆರ್ ಎನ್ನುವುದು, ತೆರೆದು ನೋಡಿ. ಮಲೆನಾಡಿನ ಕಚೇರಿಗಳಲ್ಲಿ ಇದು ಬರೀ ಔಪಚಾರಿಕ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೂ ಥಂಡಿ ಇಳಿಯುತ್ತದೆ. ಪುಟಕ್ಕೆ ಪುಟ ಅಂಟಿಕೊಂಡು, ಅಂಚಿಗೆ ಬೂಷ್ಟು ಹಿಡಿದು, ಇಂಕ್ ಪೆನ್ನಿನ ಬರಹ ನೀಲಿ ಕಲೆಯಾಗಿ ಹರಡಿರುವ ಎಸ್‌ಆರ್‌ಗಳು ಹಳೇ ತಾಲ್ಲೂಕು ಕಚೇರಿಗಳಲ್ಲಿ ಈಗಲೂ ಇವೆ. ಹಾಜರಾದ ದಿನಾಂಕದ ನಮೂದೇ ಓದಲು ಬಾರದಿದ್ದರೆ, ಪಟ್ಟಿ ತಯಾರಿಸುವ ವಿಷಯ ನಿರ್ವಾಹಕರು ತಮಗೆ ಕಂಡಂತೆ ಒಂದು ದಿನಾಂಕ ಹಾಕಿಕೊಳ್ಳುತ್ತಾರೆ. ಅಂಥ ಪುಟ ಕಂಡರೆ ಮೂಲ ಆದೇಶದ ಪ್ರತಿ ಲಗತ್ತಿಸಿ, ನಮೂದನ್ನು ಹೊಸದಾಗಿ ಬರೆದು ದೃಢೀಕರಿಸಲು ಕಚೇರಿ ಮುಖ್ಯಸ್ಥರಿಗೆ ಮನವಿ ಕೊಡಿ. ಎಸ್‌ಆರ್‌ನ ಪೂರ್ತಿ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಎಚ್‌ಆರ್‌ಎಂಎಸ್‌ನಲ್ಲಿ (ನೌಕರರ ಸಂಬಳ, ಸೇವಾ ವಿವರ ಇಡುವ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ) ಇರುವ ದಿನಾಂಕಗಳೂ ಎಸ್‌ಆರ್‌ನಲ್ಲಿ ಇರುವವೂ ಒಂದೇ ಆಗಿರಬೇಕು.

ಹಂತ 2: ನಿಮ್ಮ ಪಟ್ಟಿ ಯಾರ ಕೈಯಲ್ಲಿದೆ ಎಂದು ಗುರುತಿಸಿ

ಪಟ್ಟಿ ಮಾಡುವುದು ನಿಮ್ಮ ಕಚೇರಿಯ ಮುಖ್ಯಸ್ಥರಲ್ಲ. ನೇಮಕಾತಿ ಪ್ರಾಧಿಕಾರ ಅದನ್ನು ಮಾಡುತ್ತದೆ, ಅಂದರೆ ಆ ಹುದ್ದೆಗೆ ನೇಮಕ ಮಾಡುವ ಅಧಿಕಾರ ಇರುವವರು. ಗ್ರಾಮ ಆಡಳಿತ ಅಧಿಕಾರಿಗಳಿಗೆ (ಹಿಂದಿನ ಗ್ರಾಮ ಲೆಕ್ಕಿಗರು) ಜಿಲ್ಲಾಧಿಕಾರಿ. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಜಿಲ್ಲೆಯ ಉಪನಿರ್ದೇಶಕರು. ಪ್ರೌಢಶಾಲಾ ಶಿಕ್ಷಕರ ಜ್ಯೇಷ್ಠತೆ ವಿಭಾಗ ಮಟ್ಟದ್ದು, ಶಿವಮೊಗ್ಗ ಬರುವುದು ಬೆಂಗಳೂರು ವಿಭಾಗಕ್ಕೆ. ನಿಮ್ಮ ನೇಮಕಾತಿ ಆದೇಶದ ಕೆಳಗೆ ಯಾರ ರುಜು ಇದೆ ನೋಡಿ, ಬಹುತೇಕ ಅಲ್ಲೇ ಉತ್ತರ ಇರುತ್ತದೆ.

ತಹಶೀಲ್ದಾರರಿಗೋ ಬಿಇಒಗೋ (ಕ್ಷೇತ್ರ ಶಿಕ್ಷಣಾಧಿಕಾರಿ) ಆಕ್ಷೇಪಣೆ ಬರೆದು, ಅದು ಅಲ್ಲೇ ಫೈಲಾಗಿ, ಗಡುವು ಮುಗಿದ ಮೇಲೆ ಗೊತ್ತಾಗುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ಅವರು ನಿಮ್ಮ ಮೇಲಧಿಕಾರಿ ಹೌದು, ಆದರೆ ಪಟ್ಟಿ ತಿದ್ದುವ ಅಧಿಕಾರ ಅವರದ್ದಲ್ಲ.

ಹಂತ 3: ತಾತ್ಕಾಲಿಕ ಪಟ್ಟಿ ಬಂದ ದಿನವೇ ಓದಿ

ಪಟ್ಟಿಯನ್ನು ಸಾಮಾನ್ಯವಾಗಿ ಜನವರಿ 1ಕ್ಕೆ ಇದ್ದಂತೆ ಸಿದ್ಧ ಮಾಡುತ್ತಾರೆ. ಮೊದಲು ತಾತ್ಕಾಲಿಕ ಪಟ್ಟಿ, ಅದಕ್ಕೆ ಆಕ್ಷೇಪಣೆ, ಆಮೇಲೆ ಅಂತಿಮ ಪಟ್ಟಿ. ಆಕ್ಷೇಪಣೆಗೆ ಎಷ್ಟು ದಿನ ಎಂಬುದು ಆ ಸುತ್ತೋಲೆಯಲ್ಲೇ ಇರುತ್ತದೆ. ಕೆಲವು ಇಲಾಖೆಗಳಲ್ಲಿ ಪಟ್ಟಿ ಪ್ರತಿ ವರ್ಷ ಬರುವುದಿಲ್ಲ, ಬಂದಾಗ ಒಮ್ಮೆಲೇ ಬರುತ್ತದೆ.

ದೂರದವರಿಗೆ ಇಲ್ಲಿ ನಿಜವಾದ ಅನ್ಯಾಯ ಆಗುತ್ತದೆ. ಸುತ್ತೋಲೆ ಶಿವಮೊಗ್ಗದ ನೋಟಿಸ್ ಬೋರ್ಡಿಗೆ ಬಿತ್ತು ಎನ್ನುವುದು ನಗರದಲ್ಲಿ ಇರುವವರಿಗೆ ಮಧ್ಯಾಹ್ನವೇ ಗೊತ್ತು. ತುಮರಿ ಕಡೆಯ ಶಾಲೆಯವರಿಗೆ, ಹೊಸನಗರ ತಾಲ್ಲೂಕಿನ ನಗರ ಹೋಬಳಿಯವರಿಗೆ, ಆಗುಂಬೆಯವರಿಗೆ ಅದು ಮುಟ್ಟುವುದು ವಾರ ಕಳೆದು. ಸಿಗಂದೂರು ಸೇತುವೆ ಆಗಿ ಲಾಂಚ್ ಕಾಯುವ ಕಷ್ಟ ಹೋಯಿತು, ನಿಜ. ಆದರೆ ಮಳೆ ಜೋರಾದಾಗ ಕರೆಂಟ್ ಹೋಗಿ ನೆಟ್‌ವರ್ಕ್ ಕೂಡ ಹೋಗುವುದು ಹಾಗೇ ಇದೆ. ಆದ್ದರಿಂದ ನಿಮ್ಮ ವೃಂದದವರದ್ದೇ ಒಂದು ವಾಟ್ಸ್‌ಆ್ಯಪ್ ಗುಂಪು ಇಟ್ಟುಕೊಳ್ಳಿ, ಜಿಲ್ಲಾ ಕೇಂದ್ರದಲ್ಲಿ ಇರುವ ಒಬ್ಬರು ಪಟ್ಟಿ ಬಂದ ದಿನವೇ ಹಾಕಲಿ. ಸುತ್ತೋಲೆ ನಿಮಗೆ ಕಚೇರಿಯಿಂದ ಮುಟ್ಟಿದಾಗ ರುಜುವಿನ ಜೊತೆ ತಾರೀಕನ್ನೂ ಬರೆಯಿರಿ. ಹಿಂದಿನ ತಾರೀಕು ಹಾಕಿ ರುಜು ಮಾಡಿ ಎಂದರೆ ಒಪ್ಪಬೇಡಿ.

ಓದುವಾಗ ಬರೀ ನಿಮ್ಮ ಸಾಲನ್ನು ನೋಡಿದರೆ ಸಾಲದು. ನಿಮ್ಮ ಮೇಲಿನ ಹತ್ತಿಪ್ಪತ್ತು ಹೆಸರುಗಳನ್ನೂ ಕೆಳಗಿನ ಕೆಲವನ್ನೂ ನೋಡಿ. ಪ್ರತಿ ಸಾಲಿನಲ್ಲಿ ಹುಟ್ಟಿದ ದಿನಾಂಕ, ವೃಂದಕ್ಕೆ ಸೇರಿದ ದಿನಾಂಕ, ನೇರ ನೇಮಕಾತಿಯೋ ಬಡ್ತಿಯೋ, ವರ್ಗಾವಣೆಯಾಗಿ ಬಂದಿದ್ದರೆ ಅದರ ವಿವರ ಇರುತ್ತದೆ. "ಷರಾ" ಎಂಬ ಕೊನೆಯ ಕಾಲಂ ಬಿಡಬೇಡಿ. "ಕೋರಿಕೆ ಮೇರೆಗೆ" ಎಂಬ ಎರಡು ಪದ ಅಲ್ಲಿ ಇವೆಯೋ ಇಲ್ಲವೋ ಎನ್ನುವುದರ ಮೇಲೆ ಹತ್ತಾರು ಸ್ಥಾನ ಮೇಲೆ ಕೆಳಗೆ ಆಗುತ್ತವೆ.

ಹಂತ 4: ನಿಮ್ಮ ಸ್ಥಾನ ಸರಿಯೋ ತಪ್ಪೋ ಲೆಕ್ಕ ಹಾಕಿ

ನೇರ ನೇಮಕಾತಿಯಲ್ಲಿ ಒಂದೇ ಆಯ್ಕೆ ಪಟ್ಟಿಯಿಂದ ಬಂದವರಲ್ಲಿ ಹಿರಿಯರು ಯಾರು ಎನ್ನುವುದು ಆಯ್ಕೆ ಪಟ್ಟಿಯ ಕ್ರಮದಂತೆ. ಆದೇಶದಲ್ಲಿ ಕೊಟ್ಟ ಗಡುವಿನೊಳಗೆ ಸೇರಿದ್ದರೆ, ನಾಲ್ಕು ದಿನ ಮೊದಲು ಸೇರಿದೆ ಎಂಬುದರಿಂದ ಲಾಭವಿಲ್ಲ, ನಾಲ್ಕು ದಿನ ತಡವಾಗಿ ಸೇರಿದೆ ಎಂಬುದರಿಂದ ನಷ್ಟವೂ ಇಲ್ಲ. ಪಟ್ಟಿಗಳಲ್ಲಿ ಹೆಚ್ಚು ಆಗುವ ತಪ್ಪು ಇದೇ: ಸಿಬ್ಬಂದಿ ಹಾಜರಾದ ದಿನಾಂಕದ ಮೇಲೆ ಎಕ್ಸೆಲ್‌ನಲ್ಲಿ ವಿಂಗಡಿಸಿಬಿಡುತ್ತಾರೆ. ರೋಸ್ಟರ್ ಬಿಂದು, ಅಂದರೆ ಮೀಸಲಾತಿಗಾಗಿ ಹುದ್ದೆಗಳಿಗೆ ಕೊಟ್ಟ ಕ್ರಮಸಂಖ್ಯೆ, ಅದೂ ನೇರ ನೇಮಕಾತಿಯಲ್ಲಿ ಜ್ಯೇಷ್ಠತೆಯನ್ನು ನಿರ್ಧರಿಸುವುದಿಲ್ಲ.

ಬಡ್ತಿಯಲ್ಲಿ ಬಂದವರು ಒಂದೇ ಸಲ ಬಡ್ತಿ ಪಡೆದಿದ್ದರೆ, ಜ್ಯೇಷ್ಠತೆ ಮತ್ತು ಅರ್ಹತೆ ನೋಡಿ ಬಡ್ತಿ ಕೊಡುವ ಹುದ್ದೆಗಳಲ್ಲಿ, ಕೆಳಗಿನ ವೃಂದದಲ್ಲಿದ್ದ ಕ್ರಮವೇ ಮುಂದುವರಿಯುತ್ತದೆ. ಬಡ್ತಿಯವರು ಮತ್ತು ನೇರವಾಗಿ ಬಂದವರು ಇಬ್ಬರ ನೇಮಕದ ದಿನಾಂಕವೂ ಒಂದೇ ಆಗಿದ್ದರೆ ನೇರ ನೇಮಕಾತಿಯವರು ಮೇಲೆ.

ಇಲಾಖಾ ಪರೀಕ್ಷೆಯ ಬಗ್ಗೆ ಎಚ್ಚರ. ಅಕೌಂಟ್ಸ್ ಹೈಯರ್, ಜನರಲ್ ಲಾ ಮುಂತಾದವು ಪಾಸಾಗದೆ ನಿಮ್ಮ ಸರದಿ ತಪ್ಪಿ, ಕಿರಿಯರು ಮೊದಲು ಬಡ್ತಿ ಪಡೆದರೆ ಮೇಲಿನ ವೃಂದದಲ್ಲಿ ಅವರೇ ಹಿರಿಯರು. ನೀವು ಆಮೇಲೆ ಪಾಸಾದರೂ ಹಳೇ ಸ್ಥಾನ ಬರುವುದಿಲ್ಲ. ಇದಕ್ಕೆ ಆಕ್ಷೇಪಣೆ ಕೊಟ್ಟು ಪ್ರಯೋಜನ ಇಲ್ಲ. ಪರೀಕ್ಷೆ ಕಟ್ಟಿ.

ಮೀಸಲಾತಿಯಲ್ಲಿ ಬಡ್ತಿ ಪಡೆದ ಪರಿಶಿಷ್ಟ ಜಾತಿ, ಪಂಗಡದ ನೌಕರರ ಜ್ಯೇಷ್ಠತೆಯ ಬಗ್ಗೆ ಹಳೇ ತೀರ್ಪು ಹಿಡಿದುಕೊಂಡು ಈಗಲೂ ಕೆಲವರು ಅರ್ಜಿ ಬರೆಯುತ್ತಾರೆ. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಅವರಿಗೆ ಬಡ್ತಿಯ ಜೊತೆ ಜ್ಯೇಷ್ಠತೆಯನ್ನೂ ಕೊಡುತ್ತಿದ್ದ ರಾಜ್ಯದ ಹಿಂದಿನ ಕಾಯ್ದೆಯನ್ನು ರದ್ದು ಮಾಡಿದ್ದು ನಿಜ. ಆಮೇಲೆ ರಾಜ್ಯ ಹೊಸ ಕಾಯ್ದೆ ತಂದಿತು, ಅದನ್ನು 2019ರ ಮೇ 10ರಂದು ಅದೇ ಕೋರ್ಟ್ ಎತ್ತಿಹಿಡಿಯಿತು. ಬಡ್ತಿಯ ಜೊತೆ ಬಂದ ಜ್ಯೇಷ್ಠತೆ ಅವರದ್ದೇ.

ವರ್ಗಾವಣೆ: ಮಲೆನಾಡಿನವರು ಕಳೆದುಕೊಳ್ಳುವುದು ಇಲ್ಲೇ

ಸಾರ್ವಜನಿಕ ಹಿತಾಸಕ್ತಿಯಿಂದ, ಅಂದರೆ ಸರ್ಕಾರವೇ ತನ್ನ ಅಗತ್ಯಕ್ಕೆ, ನಿಮ್ಮನ್ನು ಬೇರೆ ವೃಂದಕ್ಕೆ ವರ್ಗ ಮಾಡಿದರೆ ನಿಮ್ಮ ಹಳೇ ಜ್ಯೇಷ್ಠತೆ ಜೊತೆಗೇ ಬರುತ್ತದೆ. ನೀವೇ ಕೇಳಿಕೊಂಡು ಹೋದರೆ ಹೊಸ ಜಾಗದಲ್ಲಿ ಆ ದಿನ ಇರುವ ಎಲ್ಲರ ಕೆಳಗೆ, ಪಟ್ಟಿಯ ತುದಿಯಲ್ಲಿ ನಿಮ್ಮ ಹೆಸರು. 1957ರ ನಿಯಮಗಳ 6ನೇ ನಿಯಮ ಹೇಳುವುದು ಇದನ್ನೇ. ಜಿಲ್ಲೆಯೊಳಗೆ ಹೊಸನಗರದಿಂದ ಶಿಕಾರಿಪುರಕ್ಕೆ ಹೋದರೆ ಜಿಲ್ಲಾ ವೃಂದದವರಿಗೆ, ಅಂದರೆ ಜಿಲ್ಲೆಗೊಂದು ಪಟ್ಟಿ ಇರುವವರಿಗೆ, ಏನೂ ಆಗುವುದಿಲ್ಲ, ಪಟ್ಟಿ ಅದೇ. ಜಿಲ್ಲೆ ದಾಟಿದರೆ ಆಗುತ್ತದೆ.

ನಮ್ಮ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಎದುರಿಗೆ ಇಟ್ಟುಕೊಳ್ಳಿ. ಶಿವಮೊಗ್ಗ ಬೆಂಗಳೂರು ಕಂದಾಯ ವಿಭಾಗದಲ್ಲಿದೆ. ತೀರ್ಥಹಳ್ಳಿಗೆ ತಾಗಿಕೊಂಡೇ ಇರುವ ಕೊಪ್ಪ ಚಿಕ್ಕಮಗಳೂರು ಜಿಲ್ಲೆ, ಅದು ಮೈಸೂರು ವಿಭಾಗ. ಆಗುಂಬೆ ಘಾಟಿ ಇಳಿದರೆ ಉಡುಪಿ, ಅದೂ ಮೈಸೂರು ವಿಭಾಗ. ಸಾಗರದ ಪಕ್ಕದ ಸಿದ್ದಾಪುರ ಉತ್ತರ ಕನ್ನಡ, ಸೊರಬದ ಪಕ್ಕದ ಹಾನಗಲ್ ಹಾವೇರಿ. ಇವೆರಡೂ ಬೆಳಗಾವಿ ವಿಭಾಗ. ಅಂದರೆ ಶಿವಮೊಗ್ಗ ಜಿಲ್ಲೆಯ ಪಡುವಣ ಅಂಚಿನಲ್ಲಿ ಎಲ್ಲಿ ಗಡಿ ದಾಟಿದರೂ ಜಿಲ್ಲೆಯ ಜೊತೆಗೆ ವಿಭಾಗವೂ ಬದಲಾಗುತ್ತದೆ! ಅಪ್ಪ ಅಮ್ಮನ ಮನೆ ಕೊಪ್ಪದಲ್ಲಿ, ಕೆಲಸ ತೀರ್ಥಹಳ್ಳಿಯಲ್ಲಿ ಎಂಬವರು ಬಸ್ಸಿನ ದೂರವನ್ನಷ್ಟೇ ನೋಡಿ ಅರ್ಜಿ ಹಾಕುತ್ತಾರೆ. ಹತ್ತು ವರ್ಷದ ಜ್ಯೇಷ್ಠತೆ ಒಂದೇ ಆದೇಶದಲ್ಲಿ ಹೋಗುತ್ತದೆ.

ಸಂಬಳ, ರಜೆಯ ಲೆಕ್ಕ, ಪಿಂಚಣಿಗೆ ಸಿಗುವ ಸೇವೆ ಉಳಿಯುತ್ತವೆ, ಹೋಗುವುದು ಬಡ್ತಿಯ ಸರದಿ. ವಯಸ್ಸಾದ ತಂದೆ ತಾಯಿ, ಸಣ್ಣ ಮಕ್ಕಳು ಇದ್ದರೆ ಮನೆಗೆ ಹತ್ತಿರ ಹೋಗುವುದೇ ದೊಡ್ಡದು ಅನಿಸಬಹುದು, ಅದು ಸರಿಯಾದ ತೀರ್ಮಾನವೇ ಇರಬಹುದು. ಗೊತ್ತಿದ್ದು ಮಾಡಿ ಅಷ್ಟೆ. ಪರಸ್ಪರ ವರ್ಗಾವಣೆಯೂ ನೀವೇ ಕೇಳಿದ್ದು, ಹಾಗಾಗಿ ಆದೇಶದಲ್ಲಿ ಜ್ಯೇಷ್ಠತೆ ಬಗ್ಗೆ ಇರುವ ಷರತ್ತು ಓದದೆ ಬಿಡುಗಡೆ ತೆಗೆದುಕೊಳ್ಳಬೇಡಿ. ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. ಸರ್ಕಾರವೇ ವರ್ಗ ಮಾಡಿದವರ ಹೆಸರಿನ ಮುಂದೆ ತಪ್ಪಿ "ಕೋರಿಕೆ ಮೇರೆಗೆ" ಎಂದು ಷರಾ ಬರೆದಿರುತ್ತಾರೆ. ಆಗ ವರ್ಗಾವಣೆ ಆದೇಶದ ಪ್ರತಿಯೇ ನಿಮ್ಮ ಸಾಕ್ಷಿ.

ಹಂತ 5: ಆಕ್ಷೇಪಣೆ ಬರೆಯಿರಿ

ಒಂದು ಪುಟ ಸಾಕು. ನೋವು, ಅವಮಾನ, ಕಚೇರಿ ರಾಜಕೀಯ ಯಾವುದೂ ಬೇಡ. "ನನ್ನ ಸ್ಥಾನ ಸರಿಪಡಿಸಿ" ಎಂದಷ್ಟೇ ಬರೆದರೂ ಆಗದು. ಯಾರ ಮೇಲೆ, ಯಾವ ನಿಯಮದಂತೆ, ಯಾವ ಆಧಾರದಿಂದ ಎಂದು ಹೇಳಬೇಕು. ಮಾದರಿ ಹೀಗಿರಲಿ:

"ವಿಷಯ: ದಿನಾಂಕ …ರ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಗೆ ಆಕ್ಷೇಪಣೆ. ಸದರಿ ಪಟ್ಟಿಯ ಕ್ರಮ ಸಂಖ್ಯೆ 47ರಲ್ಲಿ ನನ್ನ ಹೆಸರಿದೆ. ಕ್ರಮ ಸಂಖ್ಯೆ 41ರಿಂದ 46ರವರೆಗಿನ ನೌಕರರು ಮತ್ತು ನಾನು ಒಂದೇ ಆಯ್ಕೆ ಪಟ್ಟಿಯಿಂದ ನೇರ ನೇಮಕಾತಿ ಹೊಂದಿದ್ದೇವೆ. ಆಯ್ಕೆ ಪಟ್ಟಿಯಲ್ಲಿ ನನ್ನ ಕ್ರಮಾಂಕ 112. ಮೇಲ್ಕಂಡ ಆರು ಜನರ ಕ್ರಮಾಂಕ 118ರಿಂದ 131ರ ನಡುವೆ ಇದೆ. ನಾನು ನಿಗದಿತ ಅವಧಿಯೊಳಗೆ ಕರ್ತವ್ಯಕ್ಕೆ ಹಾಜರಾಗಿದ್ದೇನೆ. 1957ರ ಜ್ಯೇಷ್ಠತಾ ನಿಯಮಗಳಂತೆ ನನ್ನ ಹೆಸರನ್ನು ಕ್ರಮ ಸಂಖ್ಯೆ 41ರ ಮೇಲೆ ಸೇರಿಸಿ ಪಟ್ಟಿಯನ್ನು ಅಂತಿಮಗೊಳಿಸಲು ಕೋರುತ್ತೇನೆ. ಲಗತ್ತು: ಆಯ್ಕೆ ಪಟ್ಟಿ, ನೇಮಕಾತಿ ಆದೇಶ, ಹಾಜರಾತಿ ವರದಿ."

ಇದನ್ನು ಓದಿದ ವಿಷಯ ನಿರ್ವಾಹಕರು ಬೇರೆ ಫೈಲ್ ಹುಡುಕಬೇಕಾಗಿಲ್ಲ. ಟಿಪ್ಪಣಿ ಬರೆದು ಮೇಲೆ ಕಳಿಸಬಹುದು. ಕೆಲಸ ಆಗುವ ಅರ್ಜಿಯ ಲಕ್ಷಣ ಅದು.

ಆಯ್ಕೆ ಪಟ್ಟಿ ನಿಮ್ಮ ಬಳಿ ಇಲ್ಲವೇ? ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಉತ್ತರಕ್ಕೆ 30 ದಿನ. ಆಕ್ಷೇಪಣೆಯ ಗಡುವು ಅದಕ್ಕಿಂತ ಮೊದಲೇ ಮುಗಿಯಬಹುದು, ಆದ್ದರಿಂದಲೇ ಹಂತ 1ನ್ನು ಈಗ ಮಾಡಿ ಎಂದದ್ದು. ಸಹೋದ್ಯೋಗಿಯ ಎಸ್‌ಆರ್ ಪ್ರತಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ. ಆಯ್ಕೆ ಪಟ್ಟಿ, ಹಳೇ ಜ್ಯೇಷ್ಠತಾ ಪಟ್ಟಿ, ವರ್ಗಾವಣೆ ಆದೇಶ ಕೇಳಿ.

ಹಂತ 6: ಕೊಡುವ ಕ್ರಮ

ಮೂಲ ಅರ್ಜಿ ನಿಮ್ಮ ಕಚೇರಿ ಮುಖ್ಯಸ್ಥರ ಮೂಲಕ ಹೋಗಬೇಕು. ಅದರ ಜೊತೆಗೇ ಒಂದು ಮುಂಗಡ ಪ್ರತಿಯನ್ನು ನೇರವಾಗಿ ನೇಮಕಾತಿ ಪ್ರಾಧಿಕಾರದ ಟಪಾಲು ಶಾಖೆಗೆ ಕೊಡಿ, ಅಥವಾ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಎರಡೂ ಕಡೆ ನಿಮ್ಮ ಪ್ರತಿಯ ಮೇಲೆ ದುಂಡು ಮುದ್ರೆ, ತಾರೀಕು, ಇನ್‌ವರ್ಡ್ ಸಂಖ್ಯೆ ಹಾಕಿಸಿ. "ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡ್ತೀವಿ" ಎಂದರೆ ಮುದ್ರೆ ಬೀಳುವ ತನಕ ಕೌಂಟರ್ ಬಿಡಬೇಡಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟದ್ದಕ್ಕೆ ಮುಂದೆ ಯಾವ ಪುರಾವೆಯೂ ಇರುವುದಿಲ್ಲ.

ಪ್ರಭಾರ ಸಿಕ್ಕಿದರೆ ಸೀನಿಯರ್ ಆದಂತೆಯೇ?

ಇಲ್ಲ. ಖಾಲಿ ಹುದ್ದೆಯ ಕೆಲಸ ನೋಡಿಕೊಳ್ಳಲು ಕೊಡುವ ಹೊಣೆಗೆ ಪ್ರಭಾರ ಎನ್ನುತ್ತಾರೆ. ಕೆಸಿಎಸ್‌ಆರ್, ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 32 ಮತ್ತು 68ನೇ ನಿಯಮಗಳಲ್ಲಿ ಇದು ಬರುತ್ತದೆ. ಪ್ರಭಾರ ಭತ್ಯೆ ಸಿಗಬಹುದು, ಮೇಲಿನ ವೃಂದದ ಜ್ಯೇಷ್ಠತೆ ಸಿಗುವುದಿಲ್ಲ. ಐದು ವರ್ಷ ಪ್ರಭಾರ ಮುಖ್ಯ ಶಿಕ್ಷಕರಾಗಿದ್ದರೂ ಜ್ಯೇಷ್ಠತಾ ಪಟ್ಟಿಯಲ್ಲಿ ನೀವು ಶಿಕ್ಷಕರೇ. ಪ್ರಭಾರದ ಆದೇಶ ಬಾಯಿಮಾತಿನಲ್ಲಿ ಬಂದರೆ ಲಿಖಿತವಾಗಿ ಕೇಳಿ, ಹಣ ಸೆಳೆಯುವ ಅಧಿಕಾರ ಇದೆಯೇ ಎಂಬುದನ್ನು ಅದರಲ್ಲೇ ನೋಡಿ. ಬರಹದಲ್ಲಿ ಇಲ್ಲದ ಅಧಿಕಾರದಿಂದ ಚೆಕ್ಕಿಗೆ ರುಜು ಹಾಕಿದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ನೀವು.

ನಿಮಗಿಂತ ಕಿರಿಯರು ಪ್ರಭಾರದಲ್ಲಿ ಇದ್ದರೆ ಅವರ ಆದೇಶ ಪಾಲಿಸಬೇಕೇ? ಪಾಲಿಸಬೇಕು. ಆ ಕುರ್ಚಿಯ ಅಧಿಕಾರ ಸದ್ಯಕ್ಕೆ ಅವರದ್ದು. ನಿಮ್ಮನ್ನು ಬಿಟ್ಟು ಅವರಿಗೆ ಕೊಟ್ಟದ್ದು ತಪ್ಪು ಅನಿಸಿದರೆ ಆ ತಕರಾರನ್ನು ಪ್ರಭಾರ ಕೊಟ್ಟವರಿಗೆ ಬರೆಯಿರಿ. ಹಾಜರಿ ಪುಸ್ತಕದಲ್ಲಿ ಸಹಿ ಹಾಕದೆ, ಸಭೆಗೆ ಹೋಗದೆ ಕೂತರೆ ಶಿಸ್ತುಕ್ರಮದ ನೋಟಿಸ್ ಬರುತ್ತದೆ, ಅದು ನಿಮ್ಮ ಬಡ್ತಿಗೇ ಅಡ್ಡ ಬರುತ್ತದೆ.

ಹಂತ 7: ಅಂತಿಮ ಪಟ್ಟಿಯಲ್ಲೂ ತಪ್ಪು ಉಳಿದರೆ

ನಿಮ್ಮ ಆಕ್ಷೇಪಣೆಯನ್ನು ಯಾಕೆ ಒಪ್ಪಲಿಲ್ಲ ಎಂಬ ಹಿಂಬರಹ ಕೇಳಿ ಪಡೆಯಿರಿ. ಮುಂದಿನ ದಾರಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಕೆಎಟಿ ಎಂದು ಕರೆಯುವುದು. ಸರ್ಕಾರಿ ನೌಕರರ ಸೇವಾ ವಿಷಯದ ತಕರಾರು ಮೊದಲು ಹೋಗಬೇಕಾದದ್ದು ಅಲ್ಲಿಗೇ, ನೇರ ಹೈಕೋರ್ಟಿಗಲ್ಲ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿ ಕೊಟ್ಟು 6 ತಿಂಗಳಾದರೂ ಉತ್ತರವೇ ಬರದಿದ್ದರೆ, ಆ 6 ತಿಂಗಳು ಮುಗಿದ ಮೇಲೆ ಒಂದು ವರ್ಷ.

ಇಲ್ಲಿ ಜನ ಬೀಳುವ ಹೊಂಡ ಒಂದಿದೆ. ಒಂದರ ಮೇಲೊಂದು ನೆನಪೋಲೆ ಬರೆಯುತ್ತಾ ಹೋದರೆ ಕಾಲಮಿತಿ ಮುಂದಕ್ಕೆ ಹೋಗುತ್ತದೆ ಎಂದುಕೊಳ್ಳುತ್ತಾರೆ, ಆದರೆ ಅದು ಹೋಗುವುದಿಲ್ಲ. ಒಡಿಶಾದ ಒಂದು ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ನೆಲೆಗೊಂಡ ಜ್ಯೇಷ್ಠತೆಯನ್ನು ಮೂರ್ನಾಲ್ಕು ವರ್ಷ ಕಳೆದ ಮೇಲೆ ಕೆದಕಲು ಬಿಡಬಾರದು ಎಂದಿದೆ. ಸಂಘದ ಮುಖಂಡರು "ನಾವು ಮಾತಾಡ್ತೀವಿ" ಎಂದರೆ ಮಾತಾಡಲಿ, ಆದರೆ ಕ್ಯಾಲೆಂಡರಿನ ಮೇಲೆ ಕಣ್ಣಿಡಬೇಕಾದವರು ನೀವೇ.

ವಕೀಲರ ಬಳಿ ಹೋಗುವಾಗ ಹಂತ 1ರ ಫೈಲ್, ತಾತ್ಕಾಲಿಕ ಮತ್ತು ಅಂತಿಮ ಪಟ್ಟಿ, ಮುದ್ರೆ ಬಿದ್ದ ಆಕ್ಷೇಪಣೆ, ಹಿಂಬರಹ ಇಷ್ಟನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ನೀವು ಯಾರ ಮೇಲೆ ಬರಬೇಕು ಎನ್ನುತ್ತೀರೋ ಅವರನ್ನೂ ಅರ್ಜಿಯಲ್ಲಿ ಎದುರುದಾರರಾಗಿ ಸೇರಿಸಬೇಕಾಗುತ್ತದೆ, ಇಲ್ಲದಿದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಬಹುದು. ಅವರು ದಿನಾ ನಿಮ್ಮ ಜೊತೆ ಬುತ್ತಿ ಬಿಚ್ಚುವ ಸಹೋದ್ಯೋಗಿಗಳೇ ಆಗಿರುತ್ತಾರೆ. ನೋಟಿಸ್ ಮನೆಗೆ ಹೋಗುವ ಮೊದಲೇ ನೀವೇ ಅವರಿಗೆ ಹೇಳಿ: ತಪ್ಪು ಪಟ್ಟಿಯದ್ದು, ನಿಮ್ಮದಲ್ಲ, ಕಾನೂನು ಕೇಳುತ್ತದೆ ಎಂದು ನಿಮ್ಮ ಹೆಸರು ಸೇರಿಸಿದ್ದೇನೆ ಎಂದು.